ಸೈಕಲ್ ಫ್ರೇಮ್ ಬಿರುಕು ಬಿಟ್ಟಿದೆಯೇ? ವಾರಂಟಿ ಕೇಳುವ ಮುನ್ನ

ಬಿರುಕು ಕಂಡ ಕ್ಷಣವೇ ಸೈಕಲ್ ತುಳಿಯುವುದನ್ನು ನಿಲ್ಲಿಸಿ. ಹ್ಯಾಂಡಲ್ ಬಳಿ ಫ್ರೇಮ್ ತುಂಡಾದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಗೊತ್ತಿದ್ದೂ ಓಡಿಸಿದರೆ ಕಂಪನಿಗೆ ಕೈತೊಳೆದುಕೊಳ್ಳಲು ಕಾರಣವೂ ಸಿಗುತ್ತದೆ.

ಬಣ್ಣ ಮಾತ್ರ ಸೀಳಿದೆಯೋ, ಲೋಹವೇ ಸೀಳಿದೆಯೋ ನೋಡಬೇಕು. ಮಣ್ಣು, ಗ್ರೀಸ್ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಗೆರೆಗೆ ಅಡ್ಡಲಾಗಿ ಉಗುರು ಆಡಿಸಿ. ಉಗುರು ತಡೆದರೆ, ಸ್ಟೀಲ್ ಫ್ರೇಮಾದರೆ ಗೆರೆಯಲ್ಲಿ ತುಕ್ಕು ಕಂಡರೆ, ಅನುಮಾನ ಬಲವಾಯಿತು. ಬಣ್ಣ ಕೆರೆಯುವುದು, ಬೆಸುಗೆ ಹಾಕಿಸುವುದು ಬೇಡವೇ ಬೇಡ. ಪರೀಕ್ಷಿಸುವವರು ಓದಬೇಕಾದ ಸಾಕ್ಷಿ ಆ ಗೆರೆಯೇ.

ಬಿರುಕು ಎಲ್ಲಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಪೆಡಲ್ ಅಚ್ಚಿನ ಸುತ್ತ ಅಥವಾ ಹಿಂಗಾಲಿಯ ಪೈಪುಗಳಲ್ಲಿ, ಬೆಸುಗೆಯ ಅಂಚಿನಲ್ಲೇ, ಪೆಟ್ಟಿನ ಗುರುತಿಲ್ಲದೆ ಬಿರುಕಿದ್ದರೆ ತಯಾರಿಕೆಯ ದೋಷವೆಂದು ವಾದಿಸಬಹುದು. ಹ್ಯಾಂಡಲ್ ಕೂರುವ ಗಿಡ್ಡ ಪೈಪಿನ (ಹೆಡ್ ಟ್ಯೂಬ್) ಹಿಂದೆ, ಕೆಳಪೈಪಿನ ಅಡಿಯಲ್ಲಿ ಬಣ್ಣ ಸುಕ್ಕುಗಟ್ಟಿ ಲೋಹ ಉಬ್ಬಿದ್ದರೆ ಮುಂದಿನಿಂದ ಡಿಕ್ಕಿಯಾದ ಲಕ್ಷಣ. ಅದಕ್ಕೆ ವಾರಂಟಿ ಸಿಗದು. ಸೀಟಿನ ಕೆಳಗೆ ಸೀಳಿದ್ದರೆ ಸೀಟನ್ನು ಹೊತ್ತ ಕಂಬಿಯಾದ ಸೀಟ್‌ಪೋಸ್ಟ್ ಎಳೆದು ನೋಡಿ. ಇಷ್ಟಾದರೂ ಒಳಗಿರಬೇಕೆಂದು ಅದರ ಮೇಲೆ ಹಾಕಿದ ಕನಿಷ್ಠ ಗೆರೆ ಫ್ರೇಮಿನ ಹೊರಗೆ ಉಳಿದಿತ್ತೆಂದರೆ ತಪ್ಪು ಸವಾರನದು: ಪೋಸ್ಟ್ ಸನ್ನೆಕೋಲಿನಂತೆ ಪೈಪಿನ ಬಾಯಿಯನ್ನು ಸೀಳುತ್ತದೆ. ಕಾರ್ಬನ್ ಫ್ರೇಮಿನಲ್ಲಿ ಆ ಪೋಸ್ಟನ್ನು ಹಿಡಿದಿಡುವ ಪಟ್ಟಿಯ (ಕ್ಲಾಂಪ್) ಬೋಲ್ಟ್ ಅತಿಯಾಗಿ ಬಿಗಿದರೂ ಇದೇ ಗತಿ. ಎಷ್ಟು ನ್ಯೂಟನ್ ಮೀಟರ್ (ತಿರುಚುಬಲದ ಅಳತೆ) ಬಿಗಿಯಬೇಕೆಂದು ಕ್ಲಾಂಪಿನ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತದೆ; ಆ ಬಲ ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಇಲ್ಲದೆ ಅಂದಾಜಿನ ಮೇಲೆ ಬಿಗಿಯಬೇಡಿ.

ಇನ್ನು ಕಾಗದಪತ್ರ. ಖರೀದಿ ಬಿಲ್ ಬೇಕು. ಬಹುತೇಕ ಫ್ರೇಮ್ ವಾರಂಟಿ ಮೊದಲ ಮಾಲೀಕನಿಗಷ್ಟೇ. ಸೀರಿಯಲ್ ನಂಬರ್ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿರುತ್ತದೆ, ಸೈಕಲ್ ತಲೆಕೆಳಗು ಮಾಡಿ ಓದಿ. ಮೂರು ಬಗೆಯ ಫೋಟೋ ತೆಗೆಯಿರಿ: ಇಡೀ ಸೈಕಲ್ ಚೈನಿನ ಬದಿಯಿಂದ, ಬಿರುಕಿನ ಭಾಗ ಒಂದು ಅಡಿ ದೂರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ಬಿರುಕು ಮಾತ್ರ. ಇವನ್ನು ಮಾರಿದ ಅಂಗಡಿಗೇ ಒಯ್ಯಿರಿ. ಹೆಚ್ಚಿನ ಕಂಪನಿಗಳು ಡೀಲರ್ ಮೂಲಕವೇ ದೂರು ತೆಗೆದುಕೊಳ್ಳುತ್ತವೆ.

ಬಿದ್ದಿದ್ದರೆ ಬಿದ್ದೆನೆಂದೇ ಬರೆಯಿರಿ. ಮುಚ್ಚಿಟ್ಟದ್ದನ್ನು ಬಾಗಿದ ಫೋರ್ಕ್ (ಮುಂದಿನ ಗಾಲಿ ಹಿಡಿದ ಕವಲು) ಹೇಳಿಬಿಡುತ್ತದೆ, ಆಮೇಲೆ ನಿಮ್ಮ ಯಾವ ಮಾತಿಗೂ ಬೆಲೆಯಿರದು. ಸತ್ಯ ಹೇಳಿದವರಿಗೆ ಕೆಲವು ಕಂಪನಿಗಳು ಅಪಘಾತದ ಫ್ರೇಮಿಗೂ ರಿಯಾಯಿತಿಯಲ್ಲಿ ಹೊಸದು ಕೊಡುತ್ತವೆ.

ದೂರು ಒಪ್ಪಿದರೂ ಸಿಗುವುದು ಸಾಮಾನ್ಯವಾಗಿ ಫ್ರೇಮ್ ಮಾತ್ರ. ಬಿಚ್ಚಿ ಜೋಡಿಸುವ ಕೂಲಿ, ಹೊಸ ಮಾದರಿಗೆ ಕೂರದ ಬಿಡಿಭಾಗಗಳ ಖರ್ಚು ನಿಮ್ಮ ತಲೆಗೇ ಬರಬಹುದು, ಮೊದಲೇ ಕೇಳಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಅಲ್ಲಿಯವರೆಗೆ ಹಳೆಯ ಫ್ರೇಮನ್ನು ಗುಜರಿಗೆ ಹಾಕಬೇಡಿ.