ಅನ್ನ ಕಡಿಮೆ ಮಾಡಿದ ಮೇಲೆ ಬಂದ ಹೊಟ್ಟೆನೋವು: ನಾನು ಕಾರಣ ಹುಡುಕಿದ ಬಗೆ

ಅನ್ನ, ಮುದ್ದೆ, ಚಪಾತಿ ಕಡಿಮೆ ಮಾಡಿ ಲೋ ಕಾರ್ಬ್ (ಪಿಷ್ಟ, ಸಕ್ಕರೆ ಕಡಿಮೆ ಇರುವ) ಊಟಕ್ಕೆ ಬಂದ ಮೇಲೆ ಹೊಟ್ಟೆ ನೋಯುತ್ತಿದೆ ಎಂದು ಬೆಂಗಳೂರಿನಲ್ಲಿ ಯಾರಿಗೆ ಹೇಳಿದರೂ ಸಿಗುವ ಉತ್ತರ ಎರಡೇ. "ಗ್ಯಾಸ್ ಇರಬೇಕು, ಈನೋ ಕುಡೀರಿ" ಅನ್ನುವವರು ಅರ್ಧ ಜನ. ಇನ್ನರ್ಧ ಜನ ನಮ್ಮತ್ತೆಯ ಪಕ್ಷ: "ಹುಟ್ಟಿದಾಗಿಂದ ಅನ್ನ ಉಂಡ ಹೊಟ್ಟೆ ಕಣಮ್ಮ ಅದು, ಬರೀ ಪನೀರ್ ತುಂಬಿದ್ರೆ ಸುಮ್ಮನಿರುತ್ತಾ?" ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಎರಡರಿಂದಲೂ ನನ್ನ ನೋವು ಹೋಗಲಿಲ್ಲ. ಏನು ತಿಂದೆ ಅನ್ನುವುದರ ಜೊತೆಗೆ, ನೋವು ಎಲ್ಲಿ ಬಂತು, ಊಟವಾದ ಎಷ್ಟು ಹೊತ್ತಿಗೆ ಬಂತು ಅಂತ ಬರೆದಿಡತೊಡಗಿದ ಮೇಲೆಯೇ ದಾರಿ ಕಂಡಿದ್ದು.

ಹಿನ್ನೆಲೆ ಚಿಕ್ಕದು. ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ, 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಲೆಕ್ಕ. ಮಾತ್ರೆ ಈಗಲೇ ಬೇಡ, ಊಟ ಬದಲಿಸಿ ನೋಡೋಣ ಅಂದರು ಡಾಕ್ಟರು. ಬೇಯಿಸಿದ ಅನ್ನ 100 ಗ್ರಾಂ ಅಂದರೆ ಸುಮಾರು 28 ಗ್ರಾಂ ಕಾರ್ಬ್. "ಶುಗರ್‌ಗೆ ರಾಗಿ ಒಳ್ಳೇದು" ಅಂತ ದಪ್ಪ ದಪ್ಪ ಎರಡು ಮುದ್ದೆ ಇಳಿಸುವವರಿಗೆ ಬೇಜಾರಾಗಬಹುದು, ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲೂ 65 ಗ್ರಾಂಗೆ ಮೇಲ್ಪಟ್ಟು ಕಾರ್ಬ್ ಇದೆ. ನಾರು, ಕ್ಯಾಲ್ಸಿಯಂ ಜಾಸ್ತಿ ಅನ್ನುವುದು ಬೇರೆ ಮಾತು. ನಾನು ದಿನಕ್ಕೆ 100 ಗ್ರಾಂ ಕಾರ್ಬ್ ದಾಟಬಾರದು ಅಂತ ಗುರಿ ಇಟ್ಟುಕೊಂಡೆ. ಕೀಟೋ ಅನ್ನುವ ಇನ್ನೂ ಕಟ್ಟುನಿಟ್ಟಿನ ಪಥ್ಯದವರು 50ಕ್ಕಿಂತ ಕೆಳಗೆ ಇಳಿಯುತ್ತಾರೆ, ಅಷ್ಟು ನನ್ನ ಕೈಲಾಗದು.

ಆಗಿನ ನನ್ನ ದಿನ ಹೀಗಿತ್ತು. ಬೆಳಗ್ಗೆ ತಿಂಡಿ ಇಲ್ಲ, ತುಪ್ಪ ಮತ್ತು ಕೊಬ್ಬರಿ ಎಣ್ಣೆ ಬೆರೆಸಿದ ಕಾಫಿ. (ಒಳ್ಳೆಯ ಫಿಲ್ಟರ್ ಕಾಫಿಗೆ ಮಾಡುವ ಈ ಅನ್ಯಾಯಕ್ಕೆ ಕ್ಷಮೆ ಇಲ್ಲ.) ಮಧ್ಯಾಹ್ನ ಒಂದೂವರೆಗೆ ಡಬ್ಬಿ: 200 ಗ್ರಾಂ ಪನೀರ್, ತುಪ್ಪದಲ್ಲಿ ಹುರಿದ ಹುರುಳಿಕಾಯಿ ಪಲ್ಯ, ಗಟ್ಟಿ ಕಾಯಿ ಚಟ್ನಿ. ಸಂಜೆ ನಾಲ್ಕಕ್ಕೆ 'ಶುಗರ್ ಫ್ರೀ' ಚಾಕೊಲೇಟ್ ಬಾರ್. ರಾತ್ರಿ ಮೊಟ್ಟೆ, ಸೊಪ್ಪು.

ಹೊಟ್ಟೆ ನೋವು ಅಂತ ಒಂದೇ ಹೆಸರಿಟ್ಟುಕೊಂಡಿದ್ದೆ. ಡೈರಿಯ ಹಿಂದಿನ ಹಾಳೆಯಲ್ಲಿ ನಾಲ್ಕು ಗೆರೆ ಎಳೆದು ಸಮಯ, ತಿಂದದ್ದು, ನೋವು ಬಂದ ಸಮಯ, ನೋವಿನ ಜಾಗ ಅಂತ ತುಂಬಿಸುತ್ತಾ ಹೋದಾಗ ಇವು ಎರಡು ಬೇರೆ ಬೇರೆ ನೋವು ಅನ್ನುವುದು ಹಾಳೆಯ ಮೇಲೇ ಕಾಣಿಸಿತು. ಒಂದು ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಗೆ ಶುರು, ಎದೆಗೂಡಿನ ಕೆಳಗೆ ನಡುವಿನಿಂದ ಸ್ವಲ್ಪ ಬಲಕ್ಕೆ, ಕಲ್ಲು ಇಟ್ಟ ಹಾಗೆ ಭಾರ, ಜೊತೆಗೆ ಹುಳಿತೇಗು. ಇನ್ನೊಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ, ಹೊಕ್ಕುಳ ಕೆಳಗೆ ಗುಡುಗುಡು ಸದ್ದು, ಹಿಂಡುವ ಸೆಳೆತ, ಆಮೇಲೆ ಓಡಬೇಕಾದ ಅವಸರ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ ಆ ಅವಸರ ಏನು ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಎರಡನೆಯದು ಮೊದಲು ಬಗೆಹರಿಯಿತು. ಬಾರ್ ತಿನ್ನದ ದಿನ ಅದು ಬರುತ್ತಲೇ ಇರಲಿಲ್ಲ. ಹೊದಿಕೆಯ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟಿಟಾಲ್ ಅಂತಿತ್ತು. ಕೆಲವು ಕಂಪನಿಯವರು ಹೆಸರು ಬರೆಯದೆ ಬರೀ ಅದರ ಸಂಕೇತ ಸಂಖ್ಯೆ, ಐಎನ್‌ಎಸ್ 965 ಅಂತ ಹಾಕುತ್ತಾರೆ. 420 ಅಂದರೆ ಸಾರ್ಬಿಟಾಲ್, 967 ಅಂದರೆ ಜೈಲಿಟಾಲ್. ಸಕ್ಕರೆಯ ಬದಲು ಸಿಹಿಗೆ ಹಾಕುವ ಇವನ್ನು ಪಾಲಿಯಾಲ್ ಅನ್ನುತ್ತಾರೆ. ಸಣ್ಣ ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ವಾಯು ಮಾಡುತ್ತವೆ. ಅದೂ ಅಲ್ಲದೆ ಮಾಲ್ಟಿಟಾಲ್‌ನಿಂದ ರಕ್ತದ ಸಕ್ಕರೆ ಸ್ವಲ್ಪ ಏರುವುದೂ ಉಂಟು, ಹಾಗಾಗಿ 'ಶುಗರ್ ಫ್ರೀ' ಅನ್ನುವ ಮಾತಿನ ಮೇಲೆ ನನಗೆ ಅಷ್ಟೇನೂ ಗೌರವ ಉಳಿದಿಲ್ಲ. ಇದೇ ಗುಂಪಿನ ಎರಿತ್ರಿಟಾಲ್ ಬಹುಪಾಲು ಸಣ್ಣ ಕರುಳಿನಲ್ಲೇ ಹೀರಿಕೊಂಡು ಮೂತ್ರದಲ್ಲಿ ಹೋಗುವುದರಿಂದ ಹೊಟ್ಟೆಗೆ ಅಷ್ಟು ಕಾಟ ಕೊಡುವುದಿಲ್ಲ. ನಾನಂತೂ ಬಾರ್ ಬಿಟ್ಟು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜಕ್ಕೆ ಬಂದೆ.

ಮೊದಲನೆಯ ನೋವನ್ನು ಹಗುರವಾಗಿ ಬಿಡುವಂತಿರಲಿಲ್ಲ, ಜಾಗ ಹಾಗಿತ್ತು. ನಾವು ಕೊಬ್ಬು ತಿಂದಾಗ ಕರುಳಿನ ಆರಂಭದ ಭಾಗದಿಂದ ಕೊಲೆಸಿಸ್ಟೊಕೈನಿನ್ ಅನ್ನುವ ಹಾರ್ಮೋನು ಹೊರಡುತ್ತದೆ, ಅದರ ಅಪ್ಪಣೆಗೆ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ. ಒಳಗೆ ಕಲ್ಲಿದ್ದರೆ ಅದು ಪಿತ್ತಕೋಶದ ಬಾಯಿಗೆ ಸಿಕ್ಕಿಕೊಂಡು ನೋವು ಏಳುವುದು ಆಗಲೇ. ಬಲ ಪಕ್ಕೆಯ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ, ಕೆಲವೊಮ್ಮೆ ಬಲ ಭುಜದ ಹಿಂದಕ್ಕೂ ಎಳೆಯುತ್ತದೆ, ಗಂಟೆಗಟ್ಟಲೆ ಇರುತ್ತದೆ. ತೂಕ ಬೇಗ ಬೇಗ ಇಳಿಸುವವರಲ್ಲಿ, ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿದರೆ, ಕಲ್ಲಾಗುವ ಸಾಧ್ಯತೆ ಹೆಚ್ಚು. ಹಾಗಂತ ಎಲ್ಲ ತಪ್ಪನ್ನೂ ಕೊಬ್ಬಿನ ಮೇಲೆ ಹೊರಿಸುವಂತಿಲ್ಲ. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶಕ್ಕೆ ಕೆಲಸವಿಲ್ಲದೆ ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ.

ಡಾಕ್ಟರು ಡೈರಿಯ ಹಾಳೆ ನೋಡಿ, ಹೆಚ್ಚು ಪ್ರಶ್ನೆ ಕೇಳದೆ ಹೊಟ್ಟೆ ಸ್ಕ್ಯಾನಿಂಗ್ ಬರೆದುಕೊಟ್ಟರು. ರಾತ್ರಿ ಊಟದ ನಂತರ ಏನೂ ತಿನ್ನದೆ ಬನ್ನಿ ಅಂತ ಲ್ಯಾಬಿನವರು ಹೇಳುವುದಕ್ಕೂ ಇದೇ ಕಾರಣ: ತಿಂದರೆ ಪಿತ್ತಕೋಶ ಖಾಲಿಯಾಗಿ ಸುಕ್ಕಿಬಿಡುತ್ತದೆ, ಆರೆಂಟು ಗಂಟೆ ಉಪವಾಸವಿದ್ದರೆ ತುಂಬಿಕೊಂಡು ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ನನ್ನ ಹಿಂದೆ ಕೂತಿದ್ದ ಒಬ್ಬರು ಹಾಲು ಹಾಕಿದ ಕಾಫಿ ಕುಡಿದು ಬಂದಿದ್ದಕ್ಕೆ ವಾಪಸ್ ಹೋಗಬೇಕಾಯಿತು. ಒಳಗೆ ತಣ್ಣನೆ ಜೆಲ್ ಹಚ್ಚಿ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಎಡಕ್ಕೆ ತಿರುಗಿ" ಅಂದರು. ಮಗ್ಗುಲು ಬದಲಿಸುವುದು ಯಾಕೆಂದು ಕೇಳಿದೆ. ಕಲ್ಲಿದ್ದರೆ ಮಗ್ಗುಲಾದಾಗ ಜರುಗುತ್ತದಂತೆ. ನನ್ನಲ್ಲಿ ಜರುಗುವಂಥದ್ದು ಏನೂ ಇರಲಿಲ್ಲ. ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಇದೆ ಅಂತ ಮಾತ್ರ ಬಂತು.

ಕಲ್ಲಿಲ್ಲ ಅಂದಮೇಲೆ ಮಧ್ಯಾಹ್ನದ ಡಬ್ಬಿಯ ಲೆಕ್ಕ ಹಾಕಿದೆ. 200 ಗ್ರಾಂ ಪನೀರ್‌ನಲ್ಲಿ 40 ಗ್ರಾಂಗೂ ಹೆಚ್ಚು ಕೊಬ್ಬು, ದೊಡ್ಡ ಚಮಚ ತುಪ್ಪಕ್ಕೆ 14ರಂತೆ ಎರಡಕ್ಕೆ 28, ಮೇಲೆ ಕಾಯಿ ಚಟ್ನಿ. ಒಂದೇ ಕೂತಲ್ಲಿ 80 ಗ್ರಾಂ ಹತ್ತಿರ. ಹಿಂದೆ ಅನ್ನ, ಸಾರು, ಮಜ್ಜಿಗೆ ಉಣ್ಣುವಾಗ ಇದರ ಕಾಲುಭಾಗವೂ ಇರುತ್ತಿರಲಿಲ್ಲ. ಕೊಬ್ಬು ಹೆಚ್ಚಿದಷ್ಟೂ ಜಠರದಿಂದ ಊಟ ಕೆಳಗಿಳಿಯುವುದು ನಿಧಾನ. ತಿಂದ ತಕ್ಷಣ ಕುರ್ಚಿಯಲ್ಲಿ ಬಗ್ಗಿ ಕೂತು ಕಂಪ್ಯೂಟರ್ ನೋಡಿದರೆ ಆಮ್ಲ ಮೇಲೆ ಬರದೆ ಇನ್ನೇನು? ಒಟ್ಟು ಕೊಬ್ಬನ್ನು ಜಾಸ್ತಿ ಇಳಿಸಲಿಲ್ಲ, ಹಂಚಿದೆ. ಬೆಳಗ್ಗೆ ಎರಡು ಮೊಟ್ಟೆ ಅಥವಾ ಹೆಸರುಕಾಳಿನ ಉಸಲಿ, ಮಧ್ಯಾಹ್ನ ಪನೀರ್ ಅರ್ಧಕ್ಕೆ, ಜೊತೆಗೆ ಮೊಸರು ಮತ್ತು ಒಂದು ಸಣ್ಣ ಬಟ್ಟಲು ಅನ್ನ. ಹೌದು, ಅನ್ನ. 100 ಗ್ರಾಂ ಮಿತಿಯೊಳಗೆ ಅದಕ್ಕೆ ಜಾಗವಿದೆ, ಅತ್ತೆಗೂ ಸಮಾಧಾನ. ಕೊಬ್ಬರಿ ಎಣ್ಣೆ ಕಾಫಿ ಪೂರ್ತಿ ನಿಂತಿತು. ಊಟದ ನಂತರ ಆಫೀಸಿನ ಸುತ್ತ ಒಂದು ಸುತ್ತು. ಭಾರ ದಿನದಿಂದ ದಿನಕ್ಕೆ ಕಡಿಮೆಯಾಗಿ ಹೋಯಿತು.

ಮಲಬದ್ಧತೆ ಎಲ್ಲರೂ ಹೇಳುವ ತೊಂದರೆ. ನೀರು, ಸೊಪ್ಪು, ರಾತ್ರಿ ಒಂದು ಚಮಚ ಇಸಬ್‌ಗೋಲ್. ಅಷ್ಟೇ.

ಡಿಸೆಂಬರ್ ಬಂದರೆ ಬೇರೆ ಕಥೆ. ಅವರೆಕಾಯಿ ಕಾಲ ಶುರುವಾಯಿತೆಂದರೆ ಅವರೆಕಾಯಿ ತಿಂಡಿಗಳಿಗೆ ಹೆಸರಾದ ವಿ.ವಿ. ಪುರಂ ಕಡೆ ಕಾಲಿಡದವರು ಯಾರು? ಹಿತಕಿದ ಬೇಳೆ ಸಾರು ಕಾರ್ಬ್ ಲೆಕ್ಕಕ್ಕೆ ಅಷ್ಟೇನೂ ಭಾರವಲ್ಲ, ಆದರೆ ಕಾಳುಗಳಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಪಾಲಿಯಾಲ್‌ನ ಹಾಗೆಯೇ ಅವೂ ದೊಡ್ಡ ಕರುಳಿನಲ್ಲಿ ಹುದುಗುತ್ತವೆ. ಒಣ ಕಾಳಾದರೆ ರಾತ್ರಿ ನೆನೆಸಿ, ನೀರು ಚೆಲ್ಲಿ ಬೇಯಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಹಸಿ ಅವರೆಗೆ ಅಳತೆಯೇ ಮದ್ದು: ಒಂದು ಬಟ್ಟಲು, ಎರಡನೆಯದು ಮರುದಿನ.

ಯಾರೂ ನನ್ನ ಹಾಗೆ ಡೈರಿ ಹಿಡಿದು ಕಾಯಬಾರದ ಸಂದರ್ಭಗಳೂ ಇವೆ. ನೋವಿನ ಜೊತೆ ಜ್ವರ, ಕಣ್ಣು ಹಳದಿ, ನಿಲ್ಲದ ವಾಂತಿ, ಕಪ್ಪು ಮಲ ಇದ್ದರೆ ಅವತ್ತೇ ಆಸ್ಪತ್ರೆ. ಮೇಲ್ಹೊಟ್ಟೆ ನೋವಿಗೆ ಬೆವರು, ಉಸಿರುಗಟ್ಟುವಿಕೆ ಸೇರಿದರೆ ಮೊದಲು ಇಸಿಜಿ. ಗ್ಯಾಸ್ ಅಂತ ಈನೋ ಕುಡಿದು ಕೂತು, ಕೊನೆಗೆ ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡಿದವರ ಕಥೆ ಈ ಊರಿನ ಮನೆಮನೆಯಲ್ಲಿದೆ. ಇನ್ನೊಂದು ವಿಷಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ. ಮೆಟ್‌ಫಾರ್ಮಿನ್‌ನಿಂದಲೇ ಹೊಟ್ಟೆ ಕೆಡಬಹುದು, ಊಟದ ಜೊತೆ ನುಂಗಿದರೆ ಎಷ್ಟೋ ವಾಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇದ್ದು ಕಾರ್ಬ್ ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು. ಹೊಟ್ಟೆನೋವು, ವಾಕರಿಕೆ ಅದರ ಲಕ್ಷಣ, ಆದರೆ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಕಾಣದೆ ಮೋಸ ಮಾಡುತ್ತದೆ. ನನ್ನ ಪಕ್ಕದ ಟೇಬಲ್ಲಿನ ಸಹೋದ್ಯೋಗಿ ಇದೇ ಮಾತ್ರೆಯಲ್ಲಿದ್ದುಕೊಂಡು ನನ್ನನ್ನು ನೋಡಿ ಅನ್ನ ಬಿಡುವವರಿದ್ದರು. "ಸರ್, ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ" ಅಂದೆ. ಆ ಡಾಕ್ಟರು ಮಾತ್ರೆ ಬದಲಿಸಿಕೊಟ್ಟ ಮೇಲೆಯೇ ಇವರ ಡಬ್ಬಿಯಲ್ಲಿ ಪನೀರ್ ಕಾಣಿಸಿಕೊಂಡಿತು, ಅದೂ 100 ಗ್ರಾಂ.