ಜಯಮಂಗಲಿ ಹೊಳೆ ಬದಿಯ ಓಟ: ನಾನು ದಾರಿ ಮಾಡಿಕೊಂಡಿದ್ದು ಹೀಗೆ

ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಓಡೋಕೆ ಜಾಗ ಎಲ್ಲಿದೆ ಅಂತ ಕೇಳುವವರಿಗೆ ನಾನು ಮೊದಲು ಹೇಳೋದು ಇಷ್ಟೇ, ಮೇನ್ ರೋಡ್ ಬಿಡಿ, ಹೊಳೆ ಕಡೆ ಇಳಿಯಿರಿ. ಲಾರಿ ಬಸ್ಸುಗಳ ಪಕ್ಕ ಜೀವ ಕೈಯಲ್ಲಿ ಹಿಡಿದು ಓಡೋದು ಯಾಕೆ? ಜಯಮಂಗಲಿ ಕಣಿವೆಯಲ್ಲಿ ಮಣ್ಣಿನ ದಾರಿಗಳು ಬೇಕಾದಷ್ಟಿವೆ. ಆದರೆ ಅವು ತಾವಾಗಿ ಕಣ್ಣಿಗೆ ಬೀಳಲ್ಲ, ಹುಡುಕಬೇಕು.

ಮೊದಲು ಹೊಳೆ ಬಗ್ಗೆ ಎರಡು ಮಾತು. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಶಿಂಷಾನೂ ಹುಟ್ಟುತ್ತದೆ, ಜಯಮಂಗಲಿನೂ ಹುಟ್ಟುತ್ತದೆ. ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿ ತಾಲ್ಲೂಕು ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಗೆ, ಅಂದರೆ ಪೆನ್ನಾ ನದಿಗೆ, ಸೇರುತ್ತದೆ. ಒಂದೇ ಬೆಟ್ಟದ ಮಳೆ ಎರಡು ದಿಕ್ಕಿಗೆ ಹಂಚಿಹೋಗುವ ಜಾಗ ಅದು. ನಾವು ಓಡೋದು ಉತ್ತರದ ಇಳಿಜಾರಿನಲ್ಲಿ. ಹೊಳೆ ಜೊತೆ ಹೋದರೆ ನಿಧಾನವಾಗಿ ಇಳಿತ, ವಾಪಸ್ ಬರುವಾಗ ಗೊತ್ತೇ ಆಗದ ಏರು. ಗೊತ್ತಾಗೋದು ಕಾಲಿಗೆ ಮಾತ್ರ. ಅದಕ್ಕೆ ನಾನು ಯಾವಾಗಲೂ ಮೊದಲು ಏರಿನ ಕಡೆಗೇ ಹೊರಡುತ್ತೇನೆ, ಸುಸ್ತಾದ ಮೇಲೆ ಇಳಿಜಾರು ಇರಲಿ ಅಂತ.

ದಡದ ಮೇಲೇ ಉದ್ದಕ್ಕೂ ಓಡಬಹುದು ಅಂದುಕೊಂಡು ಬರುವವರು ಜಾಸ್ತಿ. ಅದು ಆಗಲ್ಲ. ಅಡಿಕೆ, ತೆಂಗಿನ ತೋಟಗಳು ಹೊಳೆ ಅಂಚಿನವರೆಗೂ ಬಂದಿವೆ, ಬೇಲಿ ಇದೆ, ಹನಿ ನೀರಾವರಿ ಪೈಪು ಇದೆ. ಹಾಗಾಗಿ ಹೊಳೆ ಪಕ್ಕಕ್ಕೆ ಅಂಟಿಕೊಂಡು ಹೋಗೋ ಆಸೆ ಬಿಟ್ಟು, ಹೊಳೆ ದಾಟುವ ಜಾಗಗಳನ್ನು ಹಿಡಿದು ಸುತ್ತು ಹಾಕಬೇಕು. ಒಂದು ಕಡೆ ಸೇತುವೆಯಲ್ಲಿ ದಾಟಿ, ಆ ಬದಿಯ ಊರುಗಳ ನಡುವೆ ಹೋಗಿ, ಕೆರೆ ಏರಿ ಸಿಕ್ಕರೆ ಅದರ ಮೇಲೆ ಓಡಿ, ಇನ್ನೊಂದು ಕಡೆ ಮರಳಿನಲ್ಲಿ ಇಳಿದು ಈಚೆ ಬರೋದು. ಎಂಟು ಹತ್ತು ಕಿ.ಮೀ. ಸುತ್ತು ಹೀಗೆ ಸುಲಭವಾಗಿ ಆಗುತ್ತದೆ, ಹೊಳೆ ಎರಡು ಮೂರು ಸಲ ಸಿಗುತ್ತದೆ.

ದಾರಿ ಹುಡುಕೋಕೆ ನನಗೆ ಅತಿ ಹೆಚ್ಚು ನೆರವಾಗಿದ್ದು ಗ್ರಾಮ ನಕಾಶೆ. ಕಂದಾಯ ಇಲಾಖೆಯ ದಿಶಾಂಕ್ ಆಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆ ಗೆರೆಯಲ್ಲಿ ಗುರುತು ಮಾಡಿರುತ್ತಾರೆ. ‘ನಕಾಶೆ ಕಂಡ ದಾರಿ’ ಅಂತ ರೈತರು ಹೇಳ್ತಾರಲ್ಲ, ಅದೇ. ಅದು ಊರಿಗೆಲ್ಲ ಸೇರಿದ ದಾರಿ, ಅಲ್ಲಿ ಓಡೋಕೆ ಯಾರ ಮುಲಾಜೂ ಬೇಕಿಲ್ಲ. ಉಪಗ್ರಹ ಚಿತ್ರದಲ್ಲಿ ಚೆನ್ನಾಗಿ ಕಾಣೋ ಎಷ್ಟೋ ಹಾದಿಗಳು ಯಾರದೋ ತೋಟದ ಮನೆ ಮುಂದೆ ಹೋಗಿ ನಿಂತುಬಿಡುತ್ತವೆ. ನಕಾಶೆಯಲ್ಲಿ ಇರೋದು ಹಾಗೆ ನಿಲ್ಲಲ್ಲ, ಇನ್ನೊಂದು ಊರಿಗೆ ಮುಟ್ಟಿಸುತ್ತದೆ. ಆದರೆ ಅದರಲ್ಲೂ ಒಂದಷ್ಟು ನೆಲದ ಮೇಲೆ ಈಗ ಇಲ್ಲ, ಪಕ್ಕದವರು ಉತ್ತುಕೊಂಡಿರುತ್ತಾರೆ ಅಥವಾ ಜಾಲಿ ಬೆಳೆದು ಮುಚ್ಚಿರುತ್ತದೆ.

ಆಗ ವಯಸ್ಸಾದವರನ್ನೇ ಕೇಳಬೇಕು. ಕೇಳೋ ರೀತಿನೂ ಮುಖ್ಯ. ‘ಇಲ್ಲಿ ದಾರಿ ಇದೆಯಾ’ ಅಂದರೆ ‘ಟಾರ್ ರೋಡಲ್ಲಿ ಹೋಗಪ್ಪ’ ಅಂತಲೇ ಹೇಳ್ತಾರೆ. ‘ಮೊದಲು ಸಂತೆಗೆ ಗಾಡಿ ಯಾವ ಕಡೆ ಹೊಡ್ಕೊಂಡು ಹೋಗ್ತಿದ್ರಿ’ ಅಂತ ಕೇಳಿ ನೋಡಿ. ಹುಣಸೆಮರ, ಮುನೇಶ್ವರನ ಕಲ್ಲು, ಹೊಳೆಯಲ್ಲಿ ಚಕ್ರ ಹೂತುಹೋಗದ ಗಟ್ಟಿ ಜಾಗ, ಎಲ್ಲಾ ಹೇಳ್ತಾರೆ. ಆ ಗಾಡಿ ದಾಟುತ್ತಿದ್ದ ಜಾಗಗಳೇ ಈಗಲೂ ಓಡಿಕೊಂಡು ದಾಟೋಕೆ ಚೆನ್ನ. ಅಡಿಯಲ್ಲಿ ಕಲ್ಲುಹಾಸು ಇರುತ್ತದೆ.

ಒಣ ಮರಳಿನಲ್ಲಿ ಓಡೋದು ಕಷ್ಟ. ಹೆಜ್ಜೆ ಹಿಂದಕ್ಕೆ ಜಾರುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಲ ಸಲ ಬರುವವರಿಗೆ ಇನ್ನೂರು ಮೀಟರ್ ಸಾಕು. ಆದರೆ ತೇವ ಇರೋ ಮರಳು ಗಟ್ಟಿ. ತಲಪರಿಗೆ ಇರೋ ಕಡೆ ಇದು ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ಕಡೆ ಹಳ್ಳ ಹೊಳೆಗಳ ಮರಳಿನಿಂದ ತಾನಾಗಿ ಒಸರುವ ನೀರನ್ನು ಕಾಲುವೆ ಮಾಡಿ ಗದ್ದೆಗೆ ಹರಿಸುತ್ತಿದ್ದರು, ಅದೇ ತಲಪರಿಗೆ. ಒಂದು ಕಡೆ ನಾನು ಬಗ್ಗಿ ನೋಡಿದ್ದೇನೆ. ಅಂಗೈ ಅಗಲದ ಗುಂಡಿಯಲ್ಲಿ ಮರಳಿನ ಕಣಗಳು ಕುದಿಯೋ ಹಾಗೆ ಮೇಲೆ ಕೆಳಗೆ ಆಡುತ್ತಿದ್ದವು, ನೀರು ಮಾತ್ರ ಕನ್ನಡಿ. ಸುತ್ತ ನಾಲ್ಕು ಮಾರು ಮರಳು ಕಾಲಿಟ್ಟರೆ ಒಂದಿಷ್ಟೂ ಕುಸಿಯಲಿಲ್ಲ. ಮರಳು ತೆಗೆದ ಕಡೆ ಇದೆಲ್ಲ ಹೋಗಿದೆ. ಬರೀ ಜೇಡಿ, ಆಳದ ಗುಂಡಿ, ಒಳಗೆ ಹಸಿರು ನೀರು. ಓಡೋನಿಗೆ ಒಂದು ಹಾದಿ ಹೋಯ್ತು ಅಷ್ಟೇ, ಆ ದಡದ ರೈತನಿಗೆ ಬಾವಿಯೇ ಹೋಯ್ತು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮಳೆಗಾಲದಲ್ಲಿ ಮರಳಿನ ದಾಟು ಲೆಕ್ಕಕ್ಕೇ ಇಲ್ಲ. 2022ರಲ್ಲಿ ಜಯಮಂಗಲಿ ಉಕ್ಕಿ ಹರಿದಿದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಕೆಂಪು ನೀರಿನ ಕೆಳಗೆ ಗುಂಡಿ ಎಲ್ಲಿದೆ ಅಂತ ಯಾರಿಗೂ ಕಾಣಲ್ಲ, ಹೊಸದಾಗಿ ಮರಳು ತೆಗೆದಿದ್ದರೆ ಊರಿನವರಿಗೂ ಗೊತ್ತಿರಲ್ಲ. ಮೊಣಕಾಲಿನಷ್ಟು ಹರಿವು ಇದ್ದರೂ ನಾನು ದಾಟಲ್ಲ. ಆ ತಿಂಗಳುಗಳಲ್ಲಿ ಗೊರವನಹಳ್ಳಿ, ತೀತಾ ಜಲಾಶಯದ ಕಡೆ ಹೋಗೋದು ಒಳ್ಳೇದು, ನೀರು ತುಂಬಿದಾಗ ನೋಡೋಕೂ ಚಂದ. ಶುಕ್ರವಾರ ಮಾತ್ರ ಬೇಡ, ಮಹಾಲಕ್ಷ್ಮಿ ದೇವಸ್ಥಾನಕ್ಕೆ ಬರೋ ಗಾಡಿಗಳ ಸಾಲೇ ಸಾಲು.

ಸುಗ್ಗಿ ಕಾಲದ ತಾಪತ್ರಯ ಬೇರೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆ ಪೂರ್ತಿ ಕಣ ಆಗಿರುತ್ತದೆ, ರಾಗಿ, ಹುರುಳಿ ಹರವಿರುತ್ತಾರೆ. ಹುರುಳಿ ಕಾಳಿನ ಮೇಲೆ ಓಡೋದು ಅಪಾಯ, ಜೊತೆಗೆ ಅದು ಒಬ್ಬರ ಅನ್ನ. ಇಳಿದು ಪಕ್ಕದಲ್ಲಿ ನಡೆದುಕೊಂಡು ಹೋಗಿ. ಹಾಗೆ ಇಳಿದು ಹೋಗಿದ್ದಕ್ಕೇ ನನಗೆ ಎಷ್ಟೋ ಕಡೆ ಮಾತು, ಮಜ್ಜಿಗೆ, ಹೊಸ ದಾರಿ ಮೂರೂ ಸಿಕ್ಕಿವೆ.

ಬೆಳಕು ಹರಿಯೋ ಮೊದಲು ಹೊರಡಬೇಡಿ. ಜನವರಿಯಲ್ಲಿ ಸೂರ್ಯ ಮೂಡೋದೇ ಆರೂ ಮುಕ್ಕಾಲಿಗೆ, ಆದರೂ ಕಾಯಿರಿ. ಈ ಬೆಟ್ಟಗಳಲ್ಲಿ ಕರಡಿ ಇದೆ, ಚಿರತೆ ಇದೆ, ಅವು ನೀರಿಗೆ ಇಳಿಯೋದು ಹೊಳೆ ಹಳ್ಳಕ್ಕೇ. ಇನ್ನೊಂದು, ಹಂದಿ ಕಾಟಕ್ಕೆ ಕೆಲವರು ಹೊಲದ ಸುತ್ತ ಕರೆಂಟ್ ತಂತಿ ಬಿಟ್ಟಿರುತ್ತಾರೆ. ಕತ್ತಲಲ್ಲಿ ಬೇಲಿ ದಾಟೋದು ಅಂದ್ರೆ ಸಾವಿನ ಜೊತೆ ಆಟ. ನಾಯಿಗಳಿಗೆ ಹೆದರಬೇಕಿಲ್ಲ. ಓಟ ನಿಲ್ಲಿಸಿ ನಡೆಯಿರಿ, ಮನೆಯವರನ್ನು ಕೂಗಿ ಮಾತಾಡಿಸಿ, ಸುಮ್ನಾಗುತ್ತವೆ.

ಶೂ ಬಗ್ಗೆ ಹೇಳೋದಾದರೆ, ಮೆತ್ತನೆ ದಪ್ಪ ಸೋಲ್ ಇಲ್ಲಿಗೆ ಆಗಲ್ಲ. ಬಳ್ಳಾರಿ ಜಾಲಿ ಮುಳ್ಳು ಫೋಮಿನೊಳಗೆ ನೇರ ಇಳಿಯುತ್ತದೆ. ಮೇಲಿನ ತುದಿ ಮುರಿದುಹೋಗಿ ಒಳಗಿನ ಚೂರು ಹಾಗೇ ಉಳಿದು, ಎಷ್ಟೋ ದೂರ ಹೋದ ಮೇಲೆ ಪಾದಕ್ಕೆ ಚುಚ್ಚೋಕೆ ಶುರುವಾಗುತ್ತದೆ. ಗಟ್ಟಿ ರಬ್ಬರ್ ತಳದ ಟ್ರೇಲ್ ಶೂ ಹಾಕಿ, ಜೇಬಲ್ಲಿ ಒಂದು ಚಿಮುಟ ಇರಲಿ. ನೀರಿಗೆ ಐದು ರೂಪಾಯಿ ನಾಣ್ಯಗಳೂ ಇರಲಿ, ಶುದ್ಧ ನೀರಿನ ಘಟಕ ಈಗ ಬಹಳ ಊರುಗಳಲ್ಲಿದೆ. ಮಧುಗಿರಿ, ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಪೈಪಿಗೆ ಬಾಯಿಡೋ ಬದಲು ಘಟಕದ ನೀರೇ ಮೇಲು.

ನನಗೆ ತುಂಬಾ ಇಷ್ಟವಾದ ತುಂಡು ಇನ್ನೂ ಕೆಳಗಿದೆ, ಮೈದನಹಳ್ಳಿ ಹತ್ತಿರ. ಹೊಳೆ ಹೆಸರಿನಲ್ಲೇ ಇರೋ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಲ್ಲಿದೆ. ಬೆಟ್ಟಗಳು ದೂರ ಸರಿದು ಹುಲ್ಲುಗಾವಲು ಬಿಚ್ಚಿಕೊಳ್ಳುತ್ತದೆ. ಒಳಗೆ ಓಡೋ ಹಾಗಿಲ್ಲ, ಓಡಲೂಬಾರದು, ಮರಿ ಇರೋ ಹಿಂಡು ಬೆದರುತ್ತದೆ. ಹೊರಗಿನ ರಸ್ತೆಯಲ್ಲೇ ನಿಧಾನವಾಗಿ ಹೋಗಿ. ಜಿಂಕೆಗಳು ಪಕ್ಕದ ಶೇಂಗಾ ಹೊಲಗಳಿಗೂ ಬಂದು ಹೋಗುತ್ತವೆ, ಹಾಗಾಗಿ ರಸ್ತೆಯಿಂದಲೇ ಕಾಣುತ್ತವೆ. ಮಧುಗಿರಿಯಿಂದ ಅಲ್ಲಿಯವರೆಗೆ ಟಾರ್ ಮುಟ್ಟದೆ ಹೋಗಬೇಕು ಅನ್ನೋದು ನನ್ನ ಆಸೆ. ನಕಾಶೆಗಳನ್ನು ಊರೂರಿಗೂ ಜೋಡಿಸಿ ನೋಡುತ್ತಾ ಇದ್ದೇನೆ, ಕೊಡಿಗೇನಹಳ್ಳಿಗಿಂತ ಸ್ವಲ್ಪ ಮುಂಚೆ ಬಂಡಿದಾರಿ ತಪ್ಪಿಹೋಗುತ್ತದೆ. ಆ ಕಡೆಯ ಹಳಬರು ಯಾರಾದರೂ ಮೊದಲು ಗಾಡಿ ಹೊಡೆದಿದ್ದರೆ ಅವರ ಜೊತೆ ಒಂದು ಬೆಳಗ್ಗೆ ನಡೆದು ನೋಡಬೇಕು.