ಡಯಾಲಿಸಿಸ್‌ಗೆ ಹೋಗುವವರು ಹೆಪಟೈಟಿಸ್‌ನಿಂದ ದೂರವಿರಲು ಏನು ಮಾಡಬೇಕು

ಜಗಳೂರು, ಹರಿಹರ, ಚಳ್ಳಕೆರೆ ಕಡೆಯಿಂದ ದಾವಣಗೆರೆಗೋ ಚಿತ್ರದುರ್ಗಕ್ಕೋ ಡಯಾಲಿಸಿಸ್‌ಗೆ ಬರುವವರು ಕುಡಿಯುವ ನೀರು, ಉಪ್ಪು, ತೂಕದ ಲೆಕ್ಕ ಇಟ್ಟಿರುತ್ತಾರೆ. ಲಿವರ್‌ಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ ನೆನಪಾಗುವುದು ಮಾತ್ರ ರಿಪೋರ್ಟ್ ಪಾಸಿಟಿವ್ ಬಂದ ಮೇಲೆ. ಇವೆರಡೂ ಮುಖ್ಯವಾಗಿ ಹರಡುವುದು ರಕ್ತದಿಂದ. ಅದರಲ್ಲೂ ಬಿ ವೈರಸ್ ಒಣಗಿದ ಕಲೆಯಲ್ಲಿ 7 ದಿನವಾದರೂ ಬದುಕಿರಬಲ್ಲದು.

ಮೊದಲ ಡಯಾಲಿಸಿಸ್‌ಗೆ ಮುಂಚೆಯೇ ಎಚ್‌ಬಿಎಸ್‌ಎಜಿ (ಬಿ ಸೋಂಕು ಈಗ ಇದೆಯೇ), ಆ್ಯಂಟಿ-ಎಚ್‌ಬಿಎಸ್ (ಬಿ ವಿರುದ್ಧ ರಕ್ಷಣೆ ಇದೆಯೇ), ಆ್ಯಂಟಿ-ಎಚ್‌ಬಿಸಿ (ಬಿ ಎಂದಾದರೂ ತಗಲಿತ್ತೇ), ಆ್ಯಂಟಿ-ಎಚ್‌ಸಿವಿ (ಸಿ ಎಂದಾದರೂ ತಗಲಿತ್ತೇ) ರಕ್ತಪರೀಕ್ಷೆ ಆಗಬೇಕು. ಬಿ ನೆಗೆಟಿವ್ ಇದ್ದು ರಕ್ಷಣೆಯೂ ಇಲ್ಲದಿದ್ದರೆ ಲಸಿಕೆ ಹಾಕಿಸಿ. ಕಿಡ್ನಿ ಸೋತ ದೇಹದಲ್ಲಿ ಲಸಿಕೆ ಸುಲಭಕ್ಕೆ ಹಿಡಿಯುವುದಿಲ್ಲ. ಹಾಗಾಗಿ ದೊಡ್ಡವರಿಗೆ ಹಾಕುವ 20 ಮೈಕ್ರೋಗ್ರಾಂ ಸಾಲದು, ಪ್ರತಿ ಸಲ 40 ಬೇಕು. ಸಾಮಾನ್ಯವಾಗಿ ಸಿಗುವ 20ರ ಲಸಿಕೆಯಾದರೆ ಇಂದು, 1, 2 ಮತ್ತು 6ನೇ ತಿಂಗಳು, ಹೀಗೆ ನಾಲ್ಕು ಸಲ ಎರಡೆರಡು ಡೋಸ್. ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ ಜಾಗ) ಇಲ್ಲದ ಕೈಯ ತೋಳಿಗೇ ಹಾಕಿಸಿ, ಸೊಂಟಕ್ಕೆ ಬೇಡ.

ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಅದೇ ದೊಡ್ಡ ತಪ್ಪು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ಟೈಟರ್ (ರಕ್ತದಲ್ಲಿರುವ ರಕ್ಷಣೆಯ ಪ್ರಮಾಣ) ನೋಡಿಸಿ. 10 (ಎಂಐಯು/ಎಂಎಲ್) ಅಥವಾ ಹೆಚ್ಚಿದ್ದರೆ ಲಸಿಕೆ ಹಿಡಿದಿದೆ, ಕಡಿಮೆಯಿದ್ದರೆ ಪೂರ್ತಿ ಕೋರ್ಸ್ ಇನ್ನೊಮ್ಮೆ. ಆಮೇಲೆ ವರ್ಷಕ್ಕೊಮ್ಮೆ ಟೈಟರ್, 10ಕ್ಕಿಂತ ಇಳಿದರೆ ಬೂಸ್ಟರ್. ಲಸಿಕೆ ಹಾಕಿಸಿದ ಮೂರ್ನಾಲ್ಕು ವಾರದೊಳಗೆ ಎಚ್‌ಬಿಎಸ್‌ಎಜಿ ಮಾಡಿಸಿದರೆ ಲಸಿಕೆಯ ಅಂಶವೇ ಪಾಸಿಟಿವ್ ತೋರಿಸಬಹುದು, ಗಾಬರಿಯಾಗಬೇಡಿ.

ಸಿ ವೈರಸ್‌ಗೆ ಲಸಿಕೆಯಿಲ್ಲ. ಅಲ್ಲಿ ಕಾಪಾಡುವುದು ಘಟಕದ ಶಿಸ್ತು. ಪಕ್ಕದ ಬೆಡ್‌ನಲ್ಲಿ ಸೂಜಿ ಚುಚ್ಚಿದ ಗ್ಲೌಸ್‌ನಲ್ಲೇ ನಿಮ್ಮ ಮಷಿನ್ ಬಟನ್ ಒತ್ತಲು ಬಂದರೆ 'ಸಿಸ್ಟರ್, ಗ್ಲೌಸ್ ಬದಲಿಸಿ' ಎಂದು ಸಂಕೋಚವಿಲ್ಲದೆ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಾಟಲಿ ಬೆಡ್‌ನಿಂದ ಬೆಡ್‌ಗೆ ಸುತ್ತಬಾರದು, ಸಿರಿಂಜಿಗೆ ತುಂಬುವ ಕೆಲಸ ಬೇರೆ ಸ್ವಚ್ಛ ಜಾಗದಲ್ಲಿ ನಡೆಯಬೇಕು. ಪ್ರೆಷರ್ ಪೈಪಿನ ತುದಿಯ ಪುಟ್ಟ ಬಿಳಿ ಫಿಲ್ಟರ್‌ಗೆ ರಕ್ತ ಏರಿದರೆ ತಕ್ಷಣ ಬದಲಿಸಬೇಕು. ಅದನ್ನು ದಾಟಿ ಒಳಗೆ ಹೋಗಿದೆಯೇ ಎಂದು ಟೆಕ್ನಿಷಿಯನ್ ನೋಡದೆ ಮುಂದಿನ ರೋಗಿಗೆ ಆ ಮಷಿನ್ ಹಾಕಬಾರದು. ಶಿಫ್ಟ್ ಮುಗಿದಾಗ ಕುರ್ಚಿ, ಮಷಿನ್ ಒರೆಸಬೇಕು. ಡಯಲೈಸರ್ (ರಕ್ತ ಶೋಧಿಸುವ ಫಿಲ್ಟರ್) ಮರುಬಳಕೆ ಇದ್ದರೆ ಮೇಲಿನ ಹೆಸರು ನಿಮ್ಮದೇ ಎಂದು ಪ್ರತಿ ಸಲ ಓದಿ.

ಬಿ ಪಾಸಿಟಿವ್ ಆದವರಿಗೆ ಬೇರೆ ಕೋಣೆ, ಬೇರೆ ಮಷಿನ್ ಬೇಕೇ ಬೇಕು, ಡಯಲೈಸರ್ ಮರುಬಳಕೆ ಸಲ್ಲದು. ಸಿ ಆದರೆ 12 ವಾರದ ಸೋಫೋಸ್ಬುವಿರ್-ವೆಲ್ಪಟಾಸ್ವಿರ್ ಮಾತ್ರೆಯಿಂದ ಬಹುತೇಕರಿಗೆ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ವೆಲ್ಪಟಾಸ್ವಿರ್ ಮೈಗೆ ಹತ್ತದಂತೆ ಮಾಡುತ್ತದೆ. ಕಾಮಾಲೆಗೆಂದು ನಾಟಿ ಔಷಧಿ ಕುಡಿಸಬೇಡಿ.

ಮನೆಯಲ್ಲಿ ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಒಟ್ಟಿಗೆ ಊಟ ಮಾಡಿದರೆ ಇದು ಅಂಟುವುದಿಲ್ಲ. ಬ್ಲೇಡು, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ, ಶುಗರ್ ನೋಡುವ ಸೂಜಿ ಮಾತ್ರ ಅವರವರದ್ದೇ ಇರಲಿ. ಹಬ್ಬಕ್ಕೋ ಮದುವೆಗೋ ಬೇರೆ ಊರಿಗೆ ಹೋಗಿ ಅಲ್ಲಿ ಡಯಾಲಿಸಿಸ್ ಮಾಡಿಸಿದರೆ, ವಾಪಸ್ ಬಂದಾಗ ನಿಮ್ಮ ಘಟಕಕ್ಕೆ ತಿಳಿಸಿ ಬಿ, ಸಿ ಎರಡನ್ನೂ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ.